ನಮ್ಮ ಖೋಲಿಯ ಜೋಳ, ನಾಚಿಕೆಮುಳ್ಳು ಮತ್ತು ಗೌಡರ ಜೋಡಿ ಎತ್ತು

ಗಿಡ, ಪ್ರಾಣಿಗಳ ಪಾಠ ಹೇಳುವವರ ಬಾಳಿನಲ್ಲಿ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಗಣಿತದ ಮಾಸ್ತರರಿಗೆ ಈ ಭಾಗ್ಯವಿಲ್ಲ. ಅವರ ತ್ರಿಕೋನ ಎದ್ದು ಓಡುವುದಿಲ್ಲ, ಮುಟ್ಟಿದರೆ ಮುದುಡುವುದಿಲ್ಲ, ವಾಸನೆ ಹಿಡಿದು ದಾರಿಯಲ್ಲಿ ನಿಂತುಕೊಳ್ಳುವುದೂ ಇಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನ್ನ ಮನೆ ಇದ್ದದ್ದು ಈಗಿನ ವಿಜಯಪುರದಲ್ಲಿ. ಆಗ ನಮ್ಮ ಬಾಯಲ್ಲಿ ಅದು ಬಿಜಾಪುರ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ತಿರುಗಿ ಬರುತ್ತಿದ್ದೆ. ಆ ಸಾಲೆಯಲ್ಲಿ ವಿಜ್ಞಾನ ಕಲಿಸಲು ಬಂದ ಮೊದಲ ಹೆಣ್ಣುಮಗಳು ನಾನು. ಊರಿಗೆ ಊರೇ ನನ್ನನ್ನು 'ಅಕ್ಕೋರು' ಎನ್ನುತ್ತಿತ್ತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು, ಈಗಲೂ ಆಗುತ್ತದೆ. ಹೆಮ್ಮೆಯನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ನಮ್ಮ ಸಾಲೆಯ ಮಕ್ಕಳಂಥ ಮಕ್ಕಳನ್ನು ನಾನು ಇನ್ನೆಲ್ಲೂ ಕಂಡಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಒಪ್ಪದವರು ಮುಂದಿನದನ್ನು ಓದಿ ಒಪ್ಪಬಹುದು.

ಶೇಂಗಾ ಹೊರಗೆ, ನಾವು ಒಳಗೆ

ನಮ್ಮ ಸಾಲೆಗೆ ಪ್ರಯೋಗಾಲಯ ಇರಲಿಲ್ಲ. ಆದರೆ ಸಾಲೆಯ ಗೋಡೆಗೆ ಅಂಟಿಕೊಂಡೇ ಒಂದು ದೊಡ್ಡ ಖೋಲಿ ಇತ್ತು. ಪೂರ್ವಕ್ಕೆ ಅಗಲವಾದ ಕಿಟಕಿ, ಒಳಗೆ ಸೂರಿಗೆ ತಾಗುವಂತೆ ಶೇಂಗಾ ಚೀಲ. ಖೋಲಿಯೂ ಚೀಲವೂ ಸಾಲೆಯ ಕಮಿಟಿಯ ಚೇರ್ಮನ್ ಆಗಿದ್ದ ಗೌಡರವು. ನಾನು ಆ ಕಿಟಕಿಯನ್ನು ಹೊರಗಿನಿಂದ ನೋಡಿ ನೋಡಿ ತಡೆಯಲಾರದೆ ಒಂದು ದಿನ ಗೌಡರ ಮನೆಗೇ ಹೋದೆ.

"ಅಕ್ಕೋರ, ಗಿಡಾ ನೋಡಾಕ ಖೋಲಿ ಯಾಕ ಬೇಕ್ರಿ? ನಮ್ಮ ಹೊಲಾ ಐತಿ. ಹೋಗಿ ಮನಸಿಗೆ ಬಂದಷ್ಟು ನೋಡ್ರಿ," ಎಂದರು ಗೌಡರು.

"ಗೌಡ್ರ, ಹೊಲದಾಗ ನಮಗ ಗಿಡಾ ಕಾಣತೈತಿ. ಗಿಡಕ್ಕ ಏನ ಕಾಣತೈತಿ ಅನ್ನೂದು ಖೋಲ್ಯಾಗ ತಿಳೀತೈತ್ರಿ."

ಗೌಡರು ಬಾಯಿಗೆ ಹಾಕಬೇಕೆಂದಿದ್ದ ಎಲೆ ಅಡಿಕೆಯನ್ನು ಕೈಯಲ್ಲೇ ಹಿಡಿದು ಕುಳಿತರು. "ಗಿಡಕ್ಕ ಕಾಣತೈತಿ? ನನಗ ಚಸ್ಮಾ ಹಾಕ್ಕೊಂಡ್ರೂ ಸಮಾ ಕಾಣವಲ್ದು!"

ಒಳಗಿನಿಂದ ಅವರ ಮನೆಯವರು, ಗೌಡ್ತಿಯವರು, ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಕೊಡ್ರಲ್ಲ. ಹೆಣಮಗಳು ಸಾಲೀ ಸಲುವಾಗಿ ಮನೀತನಕ ಬಂದಾಳ," ಎಂದರು. ಗೌಡರು ಹೆಂಡತಿಯ ಮಾತು ತೆಗೆದುಹಾಕಲಾರದೆ ಒಂದು ಷರತ್ತು ಹಾಕಿದರು. ವರ್ಷದ ಕೊನೆಗೆ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬರುತ್ತಾರಲ್ಲ, ಅಲ್ಲಿಯವರೆಗೆ ಖೋಲಿ ನಮ್ಮದು. "ಸಾಹೇಬ್ರ ಮುಂದ ನಿಮ್ಮ ಗಿಡಾ ಏನರೆ ಮಾಡಿ ತೋರಿಸಿದ್ರ ಮುಂದಿಂದು ನೋಡೋಣು. ಇಲ್ಲಂದ್ರ ಶೇಂಗಾ ಒಳಗ, ನೀವು ಹೊರಗ."

ಮಕ್ಕಳು ಹಬ್ಬದ ಹಿಂದಿನ ದಿನದಂತೆ ಖೋಲಿ ಗುಡಿಸಿದರು, ಸಾರಿಸಿದರು, ಸುಣ್ಣ ಬಳಿದರು. ಚೀಲಗಳು ಹೋದವು. ಚೀಲಗಳನ್ನು ನಂಬಿಕೊಂಡಿದ್ದ ಇಲಿಗಳು ಮಾತ್ರ ಪರಿಸ್ಥಿತಿಯನ್ನು ಅರಿತು, ರಾತ್ರೋರಾತ್ರಿ ಪಕ್ಕದ ಹೆಡ್‌ಮಾಸ್ತರರ ಖೋಲಿಗೆ ಬಿಡಾರ ಬದಲಿಸಿದವು. ಅಲ್ಲಿ ಅವರ ರೊಟ್ಟಿಯ ಡಬ್ಬಿ ಇರುತ್ತಿತ್ತು. ಮರುದಿನ ಹೆಡ್‌ಮಾಸ್ತರರು ಅಂಚು ಕಡಿದ ರೊಟ್ಟಿಯೊಂದನ್ನು ಎತ್ತಿ ಹಿಡಿದು ನನ್ನ ಮುಂದೆ ನಿಂತರು. "ಅಕ್ಕೋರ, ನಿಮ್ಮ ವಿಜ್ಞಾನ ನಿಮ್ಮ ಖೋಲ್ಯಾಗ ಇರ್ಲಿ. ನನ್ನ ಡಬ್ಬಿಗೆ ಯಾಕ ಕಳಸ್ತೀರಿ?"

ಶಿಸ್ತು ಇಲ್ಲದ ಜೋಳ

ನಮ್ಮ ಮೊದಲ ಪ್ರಯೋಗ ಜೋಳದ್ದು. ಬೇರೆ ಊರಿನವರು ಏನಾದರೂ ಬಿತ್ತಲಿ, ಬಿಜಾಪುರದ ನೆಲದಲ್ಲಿ ವಿಜ್ಞಾನ ಶುರುವಾಗಬೇಕಾದದ್ದು ಜೋಳದಿಂದಲೇ ಎಂದು ನಾನು ಹಟ ಹಿಡಿದಿದ್ದೆ. ಮಕ್ಕಳು ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿ ಕಾಳು ಹಾಕಿದರು. ಸಸಿ ಬೆರಳುದ್ದ ಆದಾಗ ಎಲ್ಲವೂ ಕಿಟಕಿಯ ಕಡೆಗೆ ಬಾಗಿದವು. ಬೆಳಕು ಎಂಬ ಪ್ರಚೋದನೆ ಬಂತು, ಬಾಗುವುದು ಎಂಬ ಪ್ರತಿಕ್ರಿಯೆ ನಡೆಯಿತು. ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಾಗಿದ್ದವು.

ಹೆಡ್‌ಮಾಸ್ತರರಿಗೆ ಶಿಸ್ತೇ ದೇವರು. ಪ್ರಾರ್ಥನೆಗೆ ನಿಂತ ಹುಡುಗರ ಸಾಲಿನ ತುದಿಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು, ಯಾರ ಮೂಗಾದರೂ ಮುಂದೆ ಬಂದಿದೆಯೋ ಎಂದು. ಅಂಥವರು ಖೋಲಿಗೆ ಬಂದು ಈ ಸಸಿಗಳನ್ನು ನೋಡಿದರು. "ಯಾರ ಇವನ್ನೆಲ್ಲಾ ಬಗ್ಗಿಸಿದಾವ್ರು?"

"ಯಾರೂ ಅಲ್ರಿ ಸರ್. ಬೆಳಕಿನ ಕಡೆ ತಾವ ಬಾಗ್ಯಾವ."

ಅವರು ನಂಬಲಿಲ್ಲ. ಎಲ್ಲ ಚಿಪ್ಪುಗಳನ್ನೂ ತಾವೇ ತಿರುಗಿಸಿ, ಸಸಿಗಳ ಮುಖ ಗೋಡೆಗೆ ಬರುವಂತೆ ಇಟ್ಟರು. ಹಾಗಿಟ್ಟರೆ ಅವು ನೆಟ್ಟಗಾಗುತ್ತವೆ ಎಂದು ಅವರ ಲೆಕ್ಕ. ನೆಟ್ಟಗೇನೋ ಆದವು, ಆದರೆ ಅಲ್ಲಿಗೇ ನಿಲ್ಲದೆ ಮತ್ತೆ ಕಿಟಕಿಗೆ ಬಾಗಿದವು. ಮತ್ತೆ ತಿರುಗಿಸಿದರು, ಮತ್ತೆ ಬಾಗಿದವು. ಇದು ಹತ್ತನೇ ಈಯತ್ತೆ ಹುಡುಗರದೇ ಕೆಲಸ ಎಂದು ಅವರೆಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸಿದರು. ಕೊನೆಗೆ ಶನಿವಾರ ಖೋಲಿಗೆ ಬೀಗ ಹಾಕಿ ಕೀಲಿಯನ್ನು ತಮ್ಮ ಜನಿವಾರಕ್ಕೇ ಕಟ್ಟಿಕೊಂಡು ಹೋದರು.

ಸೋಮವಾರ ಆ ಹುಡುಗರನ್ನು ಮತ್ತೆ ಬೆಂಚು ಹತ್ತಿಸಿ, ಇಡೀ ಸಾಲೆ ನೋಡುತ್ತಿರುವಾಗ ಬೀಗ ತೆಗೆದರು. ಜೋಳವೆಲ್ಲ ಕಿಟಕಿಯ ಕಡೆಗೆ ಬಾಗಿ ನಿಂತಿತ್ತು. ಹೆಡ್‌ಮಾಸ್ತರರು ಚಿಪ್ಪುಗಳ ಸಾಲಿನ ತುದಿಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಹತ್ತನೇ ಈಯತ್ತೆಯವರ ಕಡೆಗೆ ತಿರುಗಿ, "ನೀವು ಕೆಳಗ ಇಳೀರಪಾ," ಎಂದರು. ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ಅಕ್ಕೋರ, ನನ್ನ ಇಷ್ಟ ವರ್ಷದ ಸರ್ವಿಸ್‌ನ್ಯಾಗ ನನ್ನ ಮಾತ ಕೇಳದಾವು ಇವ ಮೊದಲು ನೋಡ್ರಿ," ಎಂದರು.

ಬೆಂಚಿನಿಂದ ಇಳಿಯುತ್ತಿದ್ದ ಹುಡುಗರಲ್ಲಿ ಅರ್ಧದಷ್ಟು ಮಂದಿಗೆ ಒಮ್ಮೆಲೇ ಕೆಮ್ಮು ಬಂತು.

ತಿಕೋಟಾದ ನಾಯಿ

ತಿಕೋಟಾದಲ್ಲಿಯೂ ಒಂದು ಹೈಸ್ಕೂಲು, ಅಲ್ಲೊಬ್ಬ ವಿಜ್ಞಾನದ ಮಾಸ್ತರು. ಅವರಿಗೂ ನನಗೂ ಬಹಳ ಸ್ನೇಹ, ಅಷ್ಟೇ ಸ್ಪರ್ಧೆ. ನಮ್ಮ ಜೋಳದ ಸುದ್ದಿ ತಿಕೋಟಾ ಮುಟ್ಟಿದ್ದೇ ತಡ, ಅವರು ಒಂದು ವಿಜ್ಞಾನ ಪ್ರದರ್ಶನ ಏರ್ಪಡಿಸಿ ನಮ್ಮನ್ನೂ ಕರೆದರು. "ಜ್ವಾಳಾ ಬಾಗಿದ್ರ ಏನ್ ದೊಡ್ಡದ್ರಿ? ನಾ ನಾಯಿಗೆ ಗಂಟಿ ಕಲಿಸೇನಿ, ಬಂದು ನೋಡ್ರಿ," ಎಂದು ಹೇಳಿ ಕಳಿಸಿದರು.

ವಿಷಯ ಇಷ್ಟೇ. ನಾಯಿಗೆ ಊಟ ಹಾಕುವ ಮುಂಚೆ ಪ್ರತಿ ಸಲವೂ ಗಂಟೆ ಹೊಡೆಯಬೇಕು. ಕೆಲವು ದಿನ ಕಳೆದ ಮೇಲೆ ಊಟ ಇಲ್ಲದಿದ್ದರೂ ಗಂಟೆಯ ಸಪ್ಪಳ ಕೇಳಿದರೆ ಸಾಕು, ನಾಯಿಯ ಬಾಯಲ್ಲಿ ಜೊಲ್ಲು ಸುರಿಯುತ್ತದೆ. ಮಾಸ್ತರರು ಸಾಲೆಯ ಅಂಗಳದ ನಾಯಿಯೊಂದಕ್ಕೆ ಸಾಲೆಯ ಗಂಟೆಯಿಂದಲೇ ಇದನ್ನು ಕಲಿಸಿದ್ದರು.

ಪ್ರದರ್ಶನದ ದಿನ ಊರ ಹಿರಿಯರೆಲ್ಲ ಮುಂದೆ ಕುಳಿತಿದ್ದರು. ನಾಯಿಯನ್ನು ಮೇಜಿನ ಮೇಲೆ ಗೋಣಿಚೀಲ ಹಾಸಿ ಕೂರಿಸಿದ್ದರು, ಕೊರಳಿಗೆ ಒಂದು ಚೆಂಡುಹೂವಿನ ಮಾಲೆ ಬೇರೆ. ಮಾಸ್ತರರು ಕೈ ಎತ್ತಿ, "ಈಗ ನೋಡ್ರಿ, ಎಲ್ಲಾರೂ ನಾಯೀ ಬಾಯಿ ಕಡೆ ಲಕ್ಷ್ಯ ಇಡ್ರಿ!" ಎಂದು ಸೂಚನೆ ಕೊಟ್ಟರು. ಸಾಲೆಯ ಸಿಪಾಯಿ ಗಂಟೆ ಹೊಡೆದ.

ನಾಯಿ ಆಕಳಿಸಿತು. ಅಷ್ಟು ಜನರನ್ನು ಕಂಡು ಅದರ ಬಾಯಿ ಒಣಗಿಹೋಗಿತ್ತೋ ಏನೋ, ಒಂದು ಹನಿ ಜೊಲ್ಲೂ ಬರಲಿಲ್ಲ. ಆದರೆ ಅದೇ ಕ್ಷಣಕ್ಕೆ ಹಿಂದೆ ಕುಳಿತಿದ್ದ ಮಕ್ಕಳು, ತಿಕೋಟಾದವರು, ಬೇರೆ ಊರಿನವರು ಎಲ್ಲ ಧಡಧಡ ಎದ್ದು, ತಾಟು ಹಿಡಿದು, ಉಪ್ಪಿಟ್ಟು ಬಡಿಸುವ ಕಟ್ಟೆಯ ಕಡೆಗೆ ಓಡಿಬಿಟ್ಟರು. ಆ ಗಂಟೆ ನಿತ್ಯ ಉಪ್ಪಿಟ್ಟಿಗೆ ಹೊಡೆಯುವ ಗಂಟೆ. ಅಂಗಳದಲ್ಲಿ ಉಳಿದವರು ಹಿರಿಯರು, ಮಾಸ್ತರು ಮತ್ತು ಮಾಲೆ ಹಾಕಿಕೊಂಡ ನಾಯಿ.

"ಪ್ರಯೋಗ ಯಶಸ್ವಿ ಆತ್ರಿ ಸರ್," ಎಂದೆ ನಾನು. "ಪ್ರಾಣಿ ಅಷ್ಟ ಬದಲಾತು."

ಇನ್ನೊಂದು ಮಾತು ಹೇಳಲೇಬೇಕು. ತಾಟು ಹಿಡಿದು ಕಟ್ಟೆಯನ್ನು ಎಲ್ಲರಿಗಿಂತ ಮೊದಲು ಮುಟ್ಟಿದವರು ತಿಕೋಟಾದ ಮಕ್ಕಳಲ್ಲ. ಊರು ಹೊಸದು, ಗಂಟೆ ಹೊಸದು, ಆದರೂ ಮೊದಲ ಪಂಕ್ತಿಯಲ್ಲಿ ಕುಳಿತದ್ದು ನಮ್ಮ ಬಬಲೇಶ್ವರದವರೇ.

ಬಸ್ಸಿನಲ್ಲಿ ದೃಷ್ಟಿ ತೆಗೆದದ್ದು

ಧಾರವಾಡದಲ್ಲಿ ಓದುತ್ತಿದ್ದ ನನ್ನ ತಮ್ಮ ನನ್ನ ಕಾಟ ತಡೆಯಲಾರದೆ ಅಲ್ಲಿಂದ ಒಂದು ನಾಚಿಕೆಮುಳ್ಳಿನ ಗಿಡ ತಂದುಕೊಟ್ಟ. ಮುಟ್ಟಿದರೆ ಎಲೆ ಮಡಚಿಕೊಳ್ಳುವ ಗಿಡ. ನಮ್ಮ ಬಯಲುಸೀಮೆಯಲ್ಲಿ ಅದನ್ನು ಕಂಡವರು ಕಡಿಮೆ. ಸಾಹೇಬರ ಮುಂದೆ ಖೋಲಿಯ ಮಾನ ಉಳಿಸಲು ಇದಕ್ಕಿಂತ ಬೇರೆ ಬೇಡ ಎಂದು ಅದನ್ನು ಕುಂಡದ ಸಮೇತ ತೊಡೆಯ ಮೇಲೆ ಇಟ್ಟುಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ.

ಬಸ್ಸು ಹೊರಟಾಗ ಗಿಡ ನಳನಳಿಸುತ್ತಿತ್ತು. ಬಿಜಾಪುರ ದಾಟುವಷ್ಟರಲ್ಲಿ ರಸ್ತೆಯ ತಗ್ಗಿಗೆ ಬಸ್ಸು ಧಡಲ್ ಎಂದಿತು, ಅಷ್ಟೂ ಎಲೆ ಮಡಚಿಕೊಂಡು ಕಡ್ಡಿಗಳು ಜೋತುಬಿದ್ದವು. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಯವ್ವಾ, ಈಗರೆ ಚಂದ ಇತ್ತಲ್ಲಬೇ! ಯಾರ ಕಣ್ಣ ತಾಕ್ತು?"

"ಕಣ್ಣ ಅಲ್ಲಜ್ಜಿ, ಬಸ್ ಅಳ್ಳಾಡಿದ್ದಕ್ಕ ಹಂಗ ಆಗೇತಿ," ಎಂದೆ.

"ನನಗ ಹೇಳಬ್ಯಾಡ. ಆ ಕಂಡಕ್ಟರ ಹತ್ತುವಾಗಿಂದ ಅದನ್ನ ನೋಡಾಕತ್ತಾನ."

ಕಂಡಕ್ಟರ್ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ. "ಯಜ್ಜೀ, ನಾ ಟಿಕೀಟ ಕೊಡಾಕ ನೋಡೇನಿ!" ಅಜ್ಜಿ ಕೇಳಲಿಲ್ಲ. ಸಂತೆಗೆಂದು ಕಟ್ಟಿಕೊಂಡಿದ್ದ ಗಂಟಿನಿಂದ ಉಪ್ಪು, ಒಣಮೆಣಸಿನಕಾಯಿ ತೆಗೆದು, ಓಲಾಡುವ ಬಸ್ಸಿನಲ್ಲೇ ಎದ್ದು ನಿಂತು ಗಿಡಕ್ಕೆ ನಿವಾಳಿಸಿ ಕಿಟಕಿಯಿಂದ ಹೊರಗೆ ಒಗೆದರು. ಬಬಲೇಶ್ವರ ಬಂತು, ಬಸ್ಸು ನಿಂತಿತು, ಎಂಜಿನ್ ಬಂದ್ ಆಯಿತು. ಮಂದಿ ಇಳಿಯುವ ಗದ್ದಲ ಮುಗಿಯಲಿ ಎಂದು ನಾನು ಕುಳಿತೇ ಇದ್ದೆ. ಅಜ್ಜಿಯೂ ಕುಳಿತರು. ಅಲುಗಾಟ ನಿಂತು ಸ್ವಲ್ಪ ಹೊತ್ತಾದ ಮೇಲೆ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು.

ನಾನು ಪ್ರಚೋದನೆ, ಪ್ರತಿಕ್ರಿಯೆ ಎಂದು ತಿಳಿಸಿ ಹೇಳಲು ಬಾಯಿ ತೆರೆದೆ. ಅಜ್ಜಿ ನನ್ನ ತಲೆಯ ಮೇಲೆ ಕೈಯಾಡಿಸಿದರು. "ಸಾಲಿ ಕಲ್ತಾಕಿ ಅದಿ, ಇರ್ಲಿ. ಆದ್ರ ನೋಡಿದಿ ಇಲ್ಲ? ನನ್ನ ಕೈ ಎಂದೂ ಹುಸಿ ಹೋಗಂಗಿಲ್ಲ." ಅಂದಿನಿಂದ ಆ ಬಸ್ಸಿನ ಕಂಡಕ್ಟರ್ ನನಗೆ ಟಿಕೆಟ್ ಕೊಡುವಾಗ ಮುಖ ಆಚೆ ತಿರುಗಿಸಿ ಕೊಡುತ್ತಿದ್ದ.

ಗೌಡರ ಭಾಷಣ

ಗೌಡರಿಗೆ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಬಿಜಾಪುರದ ಸೊಲ್ಲಾಪುರ ರಸ್ತೆಯ ಡಾಕ್ಟರರೊಬ್ಬರು ಖಾರ, ಕರಿದದ್ದು ಎರಡನ್ನೂ ಬಿಡಿಸಿದ್ದರು. ಗೌಡ್ತಿಯವರು ಡಾಕ್ಟರರಿಗಿಂತ ಬಿಗಿ. ಮನೆಯಲ್ಲಿ ಗೌಡರಿಗೆಂದೇ ಬೇರೆ ಸಪ್ಪನೆಯ ಸಾರು, ಮಜ್ಜಿಗೆ, ಮೆತ್ತನ್ನ ಅನ್ನ. ಬಿಸಿ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ, ಹಸಿಮೆಣಸಿನಕಾಯಿ ತಿಂದು ಬೆಳೆದ ಗಂಡಸು ಇದನ್ನು ಮರುಮಾತಿಲ್ಲದೆ ಉಣ್ಣುತ್ತಾರೆಂದು ಊರೆಲ್ಲ ಕೊಂಡಾಡುತ್ತಿತ್ತು. ಗೌಡರಿಗೂ ಆ ಬಗ್ಗೆ ತುಂಬ ಅಭಿಮಾನ.

ಒಂದು ದಿನ ಪ್ರಾರ್ಥನೆಯ ಹೊತ್ತಿಗೆ ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳಿದರು. "ನಿಮ್ಮ ಅಕ್ಕೋರು ಗಿಡಾ ಹಂಗ ಮಾಡತಾವ, ದನಾ ಹಿಂಗ ಮಾಡತಾವ ಅಂತ ಕಲಸ್ತಾರ. ಖರೆ ಐತಿ. ದನಾ ವಾಸನಿ ಬಂದ ಕಡೆ ಹೊಕ್ಕಾವ. ಮನಶ್ಯಾ ಹೋಗಂಗಿಲ್ಲ! ಯಾಕ? ಮನಸ ಗಟ್ಟಿ ಇರತೈತಿ. ನನ್ನ ನೋಡ್ರಿ. ಮಿರ್ಚಿ ಬಜಿ ವಾಸನಿ ಮೂಗಿಗೆ ಬಡದ್ರೂ ನಾ ಹೊಳ್ಳಿ ಸುದ್ದಾ ನೋಡಂಗಿಲ್ಲ."

ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ಮನಸಾರೆ ತಟ್ಟಿದೆ.

ಅದೇ ವಾರ ಪರೀಕ್ಷೆಯಲ್ಲಿ, ಮನೆಯಲ್ಲಿ ಕಂಡ ಪ್ರಚೋದನೆ ಮತ್ತು ಪ್ರತಿಕ್ರಿಯೆಗೆ ಉದಾಹರಣೆ ಕೊಡಿರಿ ಎಂದು ಕೇಳಿದ್ದೆ. ಒಬ್ಬಳು ಬರೆದಿದ್ದಳು: 'ಅಜ್ಜಿ ಕೆಮ್ಮುವುದು ಪ್ರಚೋದನೆ. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದು ಪ್ರತಿಕ್ರಿಯೆ.' ಇನ್ನೊಬ್ಬ ಬರೆದಿದ್ದ: 'ಅಪ್ಪನ ಸೈಕಲ್ಲಿನ ಗಂಟೆ ಪ್ರಚೋದನೆ. ನಾವೆಲ್ಲ ಪುಸ್ತಕ ತೆರೆಯುವುದು ಪ್ರತಿಕ್ರಿಯೆ. ಅಪ್ಪ ಮತ್ತೆ ಹೊರಗೆ ಹೋದರೆ ಗಿಡದಂತೆ ಮೊದಲಿನ ಸ್ಥಿತಿಗೆ ಬರುತ್ತೇವೆ.'

ಇವನ ಅಪ್ಪ ನಮ್ಮ ಹೆಡ್‌ಮಾಸ್ತರರು. ಪೂರ್ತಿ ಅಂಕ ಕೊಟ್ಟೆ.

ಬೆಳ್ಳಿ ಕಾಗದದ ಟೋಪಿ

ಕೊನೆಗೂ ಇನ್‌ಸ್ಪೆಕ್ಟರ್ ಸಾಹೇಬರು ಬರುವ ದಿನ ಬಂತು. ಆ ವರ್ಷದ ಶೇಂಗಾ ಆಗಲೇ ಗೌಡರ ಕಣದಲ್ಲಿ ಚೀಲ ತುಂಬಿ ಕಾಯುತ್ತಿತ್ತು. ಹಿಂದಿನ ದಿನ ಆಳುಗಳು ಬಂದು ನಮ್ಮ ಖೋಲಿಯ ಬಾಗಿಲ ಅಗಲ ನೋಡಿಕೊಂಡು ಹೋಗಿದ್ದರು. ಮಕ್ಕಳ ಮುಖ ಬಾಡಿತ್ತು. ನಾನು ಅದನ್ನು ನೋಡದವಳಂತೆ ಚಿಪ್ಪುಗಳಿಗೆ ನೀರು ಹಾಕಿದೆ.

ಗೌಡರು, ಗೌಡ್ತಿಯವರು, ಕಮಿಟಿಯ ಮಂದಿ ಎಲ್ಲ ಬೆಳಗ್ಗೆಯೇ ಬಂದರು. ಬಂದವರು ಸುಮ್ಮನೆ ಇರಬೇಕಲ್ಲ! ನಾಚಿಕೆಮುಳ್ಳು ನಿಜವಾಗಿ ಮಡಚುತ್ತದೋ ಇಲ್ಲವೋ ಎಂದು ಕಮಿಟಿಯ ಒಬ್ಬೊಬ್ಬರೂ ಮುಟ್ಟಿ ಪರೀಕ್ಷಿಸಿದರು. ಸಾಹೇಬರು ಒಳಗೆ ಕಾಲಿಡುವಾಗ ಗಿಡದ ಒಂದು ಎಲೆಯೂ ತೆರೆದಿರಲಿಲ್ಲ.

ಸಾಹೇಬರು ಬೆರಳು ಮುಂದೆ ಚಾಚಿ, ಹಾಗೇ ಹಿಂದೆ ತೆಗೆದುಕೊಂಡರು. "ಇದು ಒಣಗೇದಲ್ರಿ?"

"ಸತ್ತೈತ್ರಿ ಸಾಹೇಬ್ರ," ಎಂದರು ಗೌಡರು, ದುಃಖವೇನೂ ಇಲ್ಲದ ದನಿಯಲ್ಲಿ.

ಆಗ ಒಂಬತ್ತನೇ ಈಯತ್ತೆಯ ಒಬ್ಬ ಹುಡುಗಿ ಮುಂದೆ ಬಂದಳು. ಅಪ್ಪ ಕುರಿ ಕಾಯುವವರು, ಅವಳು ಸಾಲೆಗೆ ಬರುವುದೇ ಮನೆಯಲ್ಲಿ ಜಗಳವಾಡಿ. "ಸತ್ತಿಲ್ರಿ ಸಾಹೇಬ್ರ, ಹೆದರೇತಿ. ಯಾರೂ ಮುಟ್ಟಬ್ಯಾಡ್ರಿ, ಅಳ್ಳಾಡಬ್ಯಾಡ್ರಿ. ಅಷ್ಟರಾಗ ಜ್ವಾಳಾ ನೋಡ್ರಿ," ಎಂದು ಜೋಳದ ಸಸಿಗಳ ಕಡೆಗೆ ಕರೆದುಕೊಂಡು ಹೋದಳು. ಒಂದು ಸಾಲಿನ ಸಸಿಗಳು ಕಿಟಕಿಗೆ ಬಾಗಿದ್ದವು. ಇನ್ನೊಂದು ಸಾಲಿನವು ನೆಟ್ಟಗೆ ನಿಂತಿದ್ದವು, ಅವುಗಳ ತುದಿಗೆ ಪುಟ್ಟ ಬೆಳ್ಳಿ ಕಾಗದದ ಟೋಪಿ.

"ಬೆಳಕ ಎಲ್ಲಿಂದ ಬರತೈತಿ ಅನ್ನೂದು ತುದಿಗೆ ತಿಳೀತೈತ್ರಿ. ಟೋಪಿ ಹಾಕಿದ್ರ ತಿಳಿಯಂಗಿಲ್ಲ. ಅದಕ್ಕ ಈ ಸಾಲು ಬಾಗಿಲ್ಲ."

ಸಾಹೇಬರು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಭಾಳ ಛಂದ. ಇಷ್ಟು ಬೆಳ್ಳಿ ಕಾಗದ ಎಲ್ಲಿಂದ ತಂದೀರಿ?"

"ನಮ್ಮ ಹೆಡ್‌ಮಾಸ್ತರ ಸರ್ ಸಿಗರೇಟಿನ ಪಾಕೀಟಿಂದ್ರಿ. ದಿನಾ ಖೋಲಿ ಹಿಂದ ಒಗೀತಾರ್ರಿ."

ಶಿಸ್ತೇ ದೇವರಾಗಿದ್ದ ಹೆಡ್‌ಮಾಸ್ತರರು ಆ ಹೊತ್ತಿಗೆ ಗೋಡೆಯ ಭೂಪಟದಲ್ಲಿ ಯಾವುದೋ ನದಿಯನ್ನು ಬಹಳ ಕಾಳಜಿಯಿಂದ ಹುಡುಕತೊಡಗಿದರು.

ಅಷ್ಟರಲ್ಲಿ ಗೌಡ್ತಿಯವರು, "ಅಯ್ಯ, ನೋಡ್ರಿಲ್ಲಿ!" ಎಂದು ಪಿಸುಗುಟ್ಟಿದರು. ನಾಚಿಕೆಮುಳ್ಳು ಬಿಚ್ಚಿಕೊಳ್ಳುತ್ತಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಗಿಡ ಪೂರ್ತಿ ತೆರೆದ ಮೇಲೆ ಸಾಹೇಬರು ಕಿರುಬೆರಳಿನಿಂದ ಒಂದು ಎಲೆ ಮುಟ್ಟಿದರು, ಅದು ಪಟಪಟ ಮಡಚಿಕೊಂಡಿತು. ಸಾಹೇಬರು ಚಿಕ್ಕ ಹುಡುಗನಂತೆ ನಕ್ಕು, "ಬಿಜಾಪುರದಾಗ ಸುದ್ದಾ ಇಂಥ ಪಾಠ ನಾ ನೋಡಿಲ್ಲ," ಎಂದರು. ಆ ಹುಡುಗಿ ನನ್ನ ಕಡೆ ನೋಡಿದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಯಾಕೆ ಸುಳ್ಳು ಹೇಳಲಿ? ನೂರು ಮಂದಿಯ ಮುಂದೆ ಅವಳನ್ನು ತಬ್ಬಿಕೊಂಡೆ.

ಸಾಹೇಬರು ಗೌಡರಿಗೆ, "ಖೋಲಿ ಸಾಲಿಗೇ ಬಿಡ್ರಿ," ಎಂದರು. ಗೌಡರು ಗಂಟಲು ಸರಿಮಾಡಿಕೊಂಡರು. "ಗಿಡಕ್ಕ ತಿಳಿವಳಿಕಿ ಐತಿ, ಒಪ್ಪಿದ್ನಿ. ಆದ್ರ ಶೇಂಗಾಕ್ಕ ಜಾಗಾ ಬೇಕಲ್ರಿ? ಹೊಲದ ಮನ್ಯಾಗ ನಿಮಗ ಊಟಕ್ಕ ಮಾಡಿಸೇವಿ. ಉಂಡ ಮ್ಯಾಲ ಹೇಳತೇನಿ."

ಆಮೇಲೆ ಹೇಳುತ್ತೇನೆ ಎಂದರೆ ಇಲ್ಲ ಎಂದೇ ಅರ್ಥ. ಅದು ನನಗೂ ಗೊತ್ತಿತ್ತು, ಮಕ್ಕಳಿಗೂ ಗೊತ್ತಿತ್ತು.

ಎತ್ತುಗಳು ನಿಂತಲ್ಲಿ

ಗೌಡರ ಸವಾರಿ ಬಂಡಿಯಲ್ಲಿ ಸಾಹೇಬರು, ಗೌಡ್ತಿಯವರು, ನಾನು ಕುಳಿತೆವು. ಗೌಡರು ತಾವೇ ಹೊಡೆಯಲು ಕುಳಿತರು. ಬೆಳ್ಳಗೆ ಮಿರಿಮಿರಿ ಮಿಂಚುವ ಖಿಲಾರಿ ತಳಿಯ ಜೋಡಿ. ಅಂಥ ಎತ್ತು ಸುತ್ತ ಹತ್ತೂರಲ್ಲಿ ಇರಲಿಲ್ಲ. ಸಾಹೇಬರು ಹೊಗಳಿದ್ದೇ ತಡ, ಗೌಡರ ಎದೆ ಉಬ್ಬಿತು.

"ಇವಕ್ಕ ಹಗ್ಗಾ ಬ್ಯಾಡ್ರಿ, ಬಾರಕೋಲಾ ಬ್ಯಾಡ. ನನ್ನ ಮನಸನ್ಯಾಗ ಏನೈತಿ ಅನ್ನೂದು ಇವಕ್ಕ ತಿಳೀತೈತಿ. ಅಕ್ಕೋರ, ನೀವೂ ನೋಡ್ರಿ. ಹಗ್ಗಾ ಬಿಟ್ಟ ಬಿಡತೇನಿ. ತಾವ ಸೀದಾ ಹೊಲದ ಮನಿಗೆ ಹೊಕ್ಕಾವ." ಹೇಳಿದಂತೆಯೇ ಹಗ್ಗ ಬಿಟ್ಟು ಕೈ ಕಟ್ಟಿಕೊಂಡರು.

ಅಂದು ಸಂತೆ. ಬಂಡಿ ಸಂತೆಪೇಟೆಯ ಬದಿಗೆ ಬಂತು. ಗಾಳಿಯಲ್ಲಿ ಕಾದ ಎಣ್ಣೆಯ, ಕಡಲೆಹಿಟ್ಟಿನ, ಹಸಿಮೆಣಸಿನಕಾಯಿಯ ಘಮ ಬಂತು. ಎತ್ತುಗಳು ಮೂಗು ಮೇಲೆತ್ತಿದವು. ಆಮೇಲೆ ಎರಡೂ ಕೂಡಿ, ಒಂದನ್ನೊಂದು ನೋಡದೆ, ದಾರಿ ಬಿಟ್ಟು ಎಡಕ್ಕೆ ತಿರುಗಿ, ಮಿರ್ಚಿ ಬಜಿ ಅಂಗಡಿಯ ಹಿಂಬದಿಗೆ ಹೋಗಿ, ಯಾರ ಕಣ್ಣಿಗೂ ಬೀಳದಂಥ ಬೇವಿನ ಗಿಡದ ನೆರಳಿನಲ್ಲಿ ಅಚ್ಚುಕಟ್ಟಾಗಿ ನಿಂತವು.

ಅಂಗಡಿಯವನು ಬಂಡಿಯ ಸಪ್ಪಳ ಕೇಳಿ, ಕೈಯಲ್ಲಿ ಬಜಿಯ ತಾಟು ಹಿಡಿದು, ನೋಡದೆಯೇ ಮಾತಾಡುತ್ತ ಬಂದ. "ಬರ್ರಿ ಗೌಡ್ರ, ಇವತ್ತ ಯಾಕ ತಡಾ? ಖಾರಾ ಹೆಚ್ಚಿಗೆ ಇದ್ದೂವ ಆರಿಸಿ ತಗದ ಇಟ್ಟೇನಿ." ಎತ್ತುಗಳ ಬಾಯಿಗೆ ಒಂದೊಂದು ಬೆಲ್ಲದ ತುಣುಕು ಕೊಟ್ಟ ಮೇಲೆಯೇ ಅವನು ಬಂಡಿಯೊಳಗೆ ಯಾರಿದ್ದಾರೆಂದು ನೋಡಿದ್ದು. ತಾಟನ್ನು ಬೆನ್ನ ಹಿಂದೆ ಸರಿಸಿದ.

ಗೌಡರು ಹಗ್ಗ ಎಳೆದುಕೊಂಡು, "ಹೋಯ್! ನಡೀರಿ! ಹಾದಿ ತಪ್ಪ್ಯಾವ್ರಿ, ಹಾದಿ ತಪ್ಪ್ಯಾವ!" ಎಂದು ಕೂಗಿದರು. ಬಾಲ ತಿರುವಿದರು, ಬೆನ್ನು ಚಪ್ಪರಿಸಿದರು. ಎತ್ತುಗಳು ಬೆಲ್ಲ ಮೆಲ್ಲುತ್ತ ನಿಂತೇ ಇದ್ದವು. ಅಂಗಡಿಯವನು ಗಾಬರಿಯಲ್ಲಿ ಸಹಾಯ ಮಾಡಲು ಹೋಗಿ ಇನ್ನಷ್ಟು ಕೆಡಿಸಿದ. "ಗೌಡ್ರ, ನೀವು ತಿಂದು, ನೀರ ಕುಡದು, ತಂಬಗಿ ಕಲ್ಲಿನ ಮ್ಯಾಲ ಠಣ್ ಅಂತ ಇಡೂತನಕ ಅವು ಹೊಂಡಂಗಿಲ್ಲಲ್ರಿ? ನಿಮಗ ಗೊತ್ತೈತಲ್ರಿ?"

ಗೌಡ್ತಿಯವರು ತುಂಬ ಶಾಂತವಾಗಿ ನನ್ನ ಕಡೆ ತಿರುಗಿದರು.

"ಅಕ್ಕೋರ, ನೀವು ಸಾಲ್ಯಾಗ ಕಲಸ್ತೀರಲ್ಲ, ಇದರಾಗ ಪ್ರಚೋದನೆ ಯಾವದ್ರಿ?"

ಖೋಲಿ ಹೋದರೂ ಹೋಗಲಿ, ಪಾಠ ತಪ್ಪು ಹೇಳಬಾರದು. "ಬಜಿ ವಾಸನೀರಿ," ಎಂದೆ.

"ಎತ್ತ ನಿಂತದ್ದು?"

"ಪ್ರತಿಕ್ರಿಯೆ ರಿ. ಆದರ ಒಂದ ದಿನಕ್ಕ ಹಿಂಗ ಆಗಂಗಿಲ್ಲ. ಭಾಳ ದಿನ ಬಿಡದಂಗ ರೂಢಿ ಆಗಿರಬೇಕ್ರಿ."

ಸಾಹೇಬರು ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದು ಆಚೆ ತಿರುಗಿ ಕುಳಿತರು. ಅವರ ಹೆಗಲು ಕುಣಿಯುತ್ತಿತ್ತು.

"ಕೆಳಗ ಇಳೀರಿ," ಎಂದರು ಗೌಡ್ತಿಯವರು ಗಂಡನಿಗೆ. "ತಿನ್ರಿ. ನೀವು ತಿನ್ನದ ಇವು ಹೊಂಡಂಗಿಲ್ಲ. ಸಾಹೇಬ್ರಿಗೆ ಊಟಕ್ಕ ಹೊತ್ತಾಗಾಕತ್ತೈತಿ."

ಗೌಡರು ಇಳಿದರು. ಕಲ್ಲಿನ ಮೇಲೆ ಕುಳಿತು, ಹೆಂಡತಿ, ಸಾಹೇಬರು, ನಾನು, ಎರಡು ಎತ್ತು, ಇಷ್ಟು ಮಂದಿಯ ಕಣ್ಣೆದುರು ಮಿರ್ಚಿ ಬಜಿ ತಿನ್ನತೊಡಗಿದರು. ಬಾಯಿ ತುಂಬ ಬಿಸಿ ಬಜಿ ಇದ್ದ ಹೊತ್ತು ನೋಡಿ ಗೌಡ್ತಿಯವರು ಕೇಳಿದರು. "ಇಂಥ ವಿದ್ಯಾ ಊರಾಗ ಇರಬೇಕ್ರಿ. ಹೆಣಮಕ್ಕಳಿಗಂತೂ ಬೇಕ ಬೇಕು. ಖೋಲಿ ಅಕ್ಕೋರಿಗೇ ಇರ್ಲಿ. ಶೇಂಗಾ ಚೀಲಾ ನೀವು ಮಲಗೋ ಖೋಲ್ಯಾಗ ಇಡಸ್ತೇನಿ, ನೀವು ಪಡಸಾಲ್ಯಾಗ ಮಲಗ್ರಿ. ಏನಂತೀರಿ?"

ಗೌಡರ ಕಣ್ಣು, ಮೂಗು ಎರಡರಲ್ಲೂ ನೀರು. ತಲೆಯನ್ನು ಮೇಲೆ ಕೆಳಗೆ ಜೋರಾಗಿ ಆಡಿಸಿದರು. ಖಾರಕ್ಕೆ ಆಡಿಸಿದರೋ, ಒಪ್ಪಿ ಆಡಿಸಿದರೋ, ಇಂದಿಗೂ ಯಾರಿಗೂ ಗೊತ್ತಿಲ್ಲ. ಸಾಹೇಬರು ಮಾತ್ರ ತಡಮಾಡಲಿಲ್ಲ. "ಗೌಡ್ರು ಒಪ್ಪ್ಯಾರ. ನಾ ಸಾಕ್ಷಿ!" ಎಂದರು.

ಹೀಗೆ ಖೋಲಿ ನಮ್ಮದಾಯಿತು. ಆ ಕಿಟಕಿ, ಆ ಜೋಳ, ಆ ಹುಡುಗಿ ನಿಂತು ಪಾಠ ಹೇಳಿದ ಆ ಜಾಗ ಎಲ್ಲ ನಮ್ಮದಾಯಿತು. ಬಂಡಿಯಲ್ಲಿ ಕುಳಿತಲ್ಲೇ ನನಗೆ ಎದ್ದು ಕುಣಿಯಬೇಕೆನಿಸಿತ್ತು.

ಗೌಡರು ಗಟಗಟ ನೀರು ಕುಡಿದು ರೂಢಿಯಂತೆ ತಂಬಿಗೆ ಕೆಳಗಿಟ್ಟರು. ಕಲ್ಲಿಗೆ ತಾಗಿ ಠಣ್ ಎಂದಿತು. ಎತ್ತುಗಳು ಕಿವಿ ನಿಮಿರಿಸಿ ಆ ಕ್ಷಣವೇ ಹೊರಟವು. ಹಗ್ಗ ಗೌಡ್ತಿಯವರ ಕೈಯಲ್ಲಿತ್ತು. ಅವರು ಅದನ್ನು ಜಗ್ಗಲಿಲ್ಲ.

"ಅಮ್ಮಾರ, ಗೌಡ್ರು ಹಿಂದ ಉಳದಾರ್ರಿ!" ಎಂದು ನಾನು ಗಾಬರಿಯಿಂದ ಕೂಗಿದೆ.

ಗೌಡ್ತಿಯವರು ಹಿಂದೆ ತಿರುಗಿ ಸಹ ನೋಡಲಿಲ್ಲ. "ಇರ್ಲಿ ಬಿಡ್ರಿ ಅಕ್ಕೋರ. ಮನ್ಯಾಗ ಹೋಳಗಿ ವಾಸನಿ ಎದ್ದೈತಿ. ತಾವ ಬರತಾರ."